ಆಕೆ ನಮಗೇನಾಗಬೇಕು?

ಸಂಘದ ವೇದಿಕೆಯನ್ನು ಹತ್ತಿದವರು ಮೊದಲು ಆಡುವ ಮಾತು 'ಸಹೋದರ ಸಹೋದರಿಯರೇ' ಎಂಬುದು. ಅಭ್ಯಾಸಬಲದಿಂದ ಬರುವ ಈ ಸಂಬೋಧನೆಯ ಅರ್ಥವೇನೆಂದು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಸಹೋದರಿ ಎಂದರೆ ಒಂದೇ ಒಡಲಿನಲ್ಲಿ ಹುಟ್ಟಿದವಳು. ನಮ್ಮ ಸಂಘಗಳ ಮಹಿಳಾ ವಿಭಾಗದಲ್ಲಿ ಸೇರುವವರು ಹಾಗೆ ಹುಟ್ಟಿದವರಲ್ಲ. ಒಬ್ಬರು ಕುಂದಾಪುರದ ಕಡೆಯವರು, ಮತ್ತೊಬ್ಬರು ಧಾರವಾಡದವರು, ಮಗದೊಬ್ಬರು ಮೈಸೂರಿನವರು. ಚಂದಾ ಕೊಟ್ಟು ರಸೀದಿ ಪಡೆದು ಸೋದರಿಯರಾದವರು. ಹೀಗೆ ಆರಿಸಿಕೊಂಡ ಸೋದರಿತನಕ್ಕೆ ನಿಜವಾದ ಬೆಲೆಯುಂಟೇ? ಉಂಟೆಂದಾದರೆ ಅದರ ಹೊಣೆ ಎಲ್ಲಿಯವರೆಗೆ ಹೋಗುತ್ತದೆ? ಸದಸ್ಯರ ಪಟ್ಟಿಯಲ್ಲಿ ಹೆಸರಿಲ್ಲದ ಹೆಣ್ಣು ಆ ಬಳಗಕ್ಕೆ ಏನಾಗಬೇಕು?

'ಏನಾಗಬೇಕು' ಎಂಬುದು ನಮ್ಮ ಊರುಗಳಲ್ಲಿ ನೆಂಟಸ್ತಿಕೆಯನ್ನು ವಿಚಾರಿಸುವ ಬಗೆ. 'ಅವರು ನಿಮಗೆ ಏನಾಗಬೇಕು?' ಎಂದು ಕೇಳಿದರೆ ದೊಡ್ಡಮ್ಮನ ಮಗಳೋ, ಅತ್ತಿಗೆಯೋ, ಓರಗಿತ್ತಿಯೋ ಎಂದು ಉತ್ತರ ಬರುತ್ತದೆ. ಸೋದರಿಯ ವಿಷಯದಲ್ಲಿ ನಮ್ಮ ಮನೆಮಾತು ಇನ್ನೂ ಖಚಿತ. ಮನೆಯಲ್ಲಿ ಯಾರೂ ಯಾರನ್ನೂ 'ಸೋದರಿ' ಎಂದು ಕೂಗುವುದಿಲ್ಲ. ಅಕ್ಕ ಎನ್ನಬೇಕು, ಇಲ್ಲವೇ ತಂಗಿ ಎನ್ನಬೇಕು. ಅಕ್ಕನೆಂದಮೇಲೆ ತಂಗಿಯ ಜಡೆ ಹೆಣೆಯುವುದರಿಂದ ಹಿಡಿದು ಆಕೆಯ ಬಾಣಂತನದವರೆಗೆ ಕರ್ತವ್ಯಗಳ ಸಾಲೇ ಇರುತ್ತದೆ. ಹೆಸರಿನ ಜೊತೆಗೇ ಹೊಣೆಯೂ ಬರುತ್ತದೆ. ವೇದಿಕೆಯ 'ಸಹೋದರಿಯರೇ' ಎಂಬ ಮಾತಿಗೆ ಅಂಥ ಹೊಣೆ ಅಂಟಿಕೊಂಡಿದೆಯೇ ಎಂಬುದು ಸುಖದ ದಿನಗಳಲ್ಲಿ ತಿಳಿಯುವುದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಮಹಾಮಾರಿ ನಮ್ಮ ಸಭಾಗೃಹಗಳಿಗೆ ಬೀಗ ಹಾಕಿಸಿದಾಗ ಅದು ತಿಳಿಯುವ ಸಮಯ ಬಂದಿತು.

ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳುಹಿಸಿರುವ ನಮ್ಮ ಓದುಗರಲ್ಲಿ ಕೆಲವರು 'ಸೊರೊರಿಟಿ' ಎಂಬ ಪದವನ್ನು ಕೇಳಿರಬಹುದು. ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿನಿಯರು ಕಟ್ಟಿಕೊಂಡ ಸೋದರಿಯರ ಬಳಗವದು. 1874ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಗಾಮಾ ಫೈ ಬೀಟಾ ಎಂಬ ಬಳಗಕ್ಕಾಗಿ ಅಲ್ಲಿನ ಲ್ಯಾಟಿನ್ ಅಧ್ಯಾಪಕರೊಬ್ಬರು, ಸೋದರಿ ಎಂಬರ್ಥದ ಲ್ಯಾಟಿನ್ ಪದದಿಂದ ಈ ಹೆಸರನ್ನು ಮಾಡಿಕೊಟ್ಟರು. ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಿದ್ದ ಕಾಲ. ಹುಡುಗರ ಬಳಗಗಳಲ್ಲಿ ಅವರಿಗೆ ಜಾಗವಿರಲಿಲ್ಲ. ಅದರಿಂದಾಗಿ ತಮಗೆ ತಾವೇ ಅಕ್ಕತಂಗಿಯರಾದರು. ಒಂದೇ ಮನೆಯಲ್ಲಿ ವಾಸ, ಒಬ್ಬರಿಗೊಬ್ಬರು ಒತ್ತಾಸೆ, ಜೊತೆಗೆ ಯಾವುದಾದರೊಂದು ಧರ್ಮಕಾರ್ಯಕ್ಕೆ ಹಣ ಕೂಡಿಸುವುದು ಇವರ ಪದ್ಧತಿ. ಆದರೆ ಬಳಗ ಕಟ್ಟಿದವರು ಬೇಲಿಯನ್ನೂ ಕಟ್ಟಿದರು. ಬಹುಕಾಲ ಕಪ್ಪು ಜನಾಂಗದ ಹುಡುಗಿಯರಿಗೆ ಈ ಮನೆಗಳ ಬಾಗಿಲು ತೆರೆಯಲಿಲ್ಲ. 1908ರಲ್ಲಿ ಹೋವರ್ಡ್ ವಿಶ್ವವಿದ್ಯಾನಿಲಯದ ಕಪ್ಪು ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಎಂಬ ತಮ್ಮದೇ ಬಳಗವನ್ನು ಸ್ಥಾಪಿಸಿದರು.

ಈ ಬಳಗದವರು ಮಾಡಿದ ಒಂದು ಕೆಲಸ ನಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. 1935ರ ಬೇಸಗೆಯಲ್ಲಿ ವೈದ್ಯೆ ಡೊರೊತಿ ಫೆರಿಬಿಯವರ ಮುಂದಾಳುತನದಲ್ಲಿ ಅವರು ಮಿಸಿಸಿಪಿ ಪ್ರಾಂತದ ಹತ್ತಿಯ ಸೀಮೆಗೆ ಚಿಕಿತ್ಸಾ ಶಿಬಿರ ನಡೆಸಲು ಹೊರಟರು. ಅಲ್ಲಿನ ಜಮೀನುದಾರರು ತಮ್ಮ ಒಕ್ಕಲುಗಳನ್ನು ಶಿಬಿರಕ್ಕೆ ಕಳುಹಿಸಲು ಒಪ್ಪಲಿಲ್ಲ. ಬಂದವರು ನಿರಾಶರಾಗಿ ಹಿಂದಿರುಗಲಿಲ್ಲ. ಔಷಧ, ಲಸಿಕೆಗಳನ್ನು ತಮ್ಮ ಮೋಟಾರುಗಳಲ್ಲಿ ತುಂಬಿಕೊಂಡು ಹೊಲದಿಂದ ಹೊಲಕ್ಕೆ ಹೋದರು. 1942ರವರೆಗೂ ಬೇಸಗೆಗಳಲ್ಲಿ ಈ ಕಾರ್ಯ ನಡೆಯಿತು. ಪದವೀಧರೆಯರ ಬಳಗಕ್ಕೆ ಸಹಿ ಹಾಕಲೂ ಬಾರದ ಒಕ್ಕಲು ಹೆಂಗಸು ಏನಾಗಬೇಕು? ಸದಸ್ಯತ್ವದ ನಿಯಮಾವಳಿಯಲ್ಲಿ ಇದಕ್ಕೆ ಉತ್ತರ ದೊರೆಯುವುದಿಲ್ಲ. ಆದರೂ ಅವರು ಹೋದರು. 2020ರಲ್ಲಿ ವಿದ್ಯಾಲಯಗಳು ಮುಚ್ಚಿ, ಬಳಗದ ಮನೆಗಳು ಬರಿದಾಗಿ, ಸಭೆಯೂ ನಿಧಿಸಂಗ್ರಹವೂ ಕಂಪ್ಯೂಟರಿನ ಪರದೆಗೆ ಏರಿದಾಗ ಅಮೆರಿಕದ ಸೊರೊರಿಟಿಗಳ ಮುಂದೆ ನಿಂತದ್ದೂ ಇಂಥದೇ ಪ್ರಶ್ನೆ: ಔತಣವೂ ಮೇಳವೂ ಇಲ್ಲದಾದಮೇಲೆ ನಮ್ಮ ಸೋದರಿತನದಲ್ಲಿ ಉಳಿದದ್ದೇನು?

ಅಂಥ ಬಳಗಗಳು ನಮ್ಮಲ್ಲಿ ಬೇರೂರಿಲ್ಲ. ಅದಕ್ಕೆ ಹತ್ತಿರದ್ದೆಂದರೆ ವಿದ್ಯಾರ್ಥಿನಿಯರ ವಸತಿನಿಲಯ. ನಮ್ಮ ಪವಾಯಿಯಲ್ಲಿ 1958ರಲ್ಲಿ ಸ್ಥಾಪನೆಯಾದ ಐ.ಐ.ಟಿ.ಯನ್ನೇ ತೆಗೆದುಕೊಳ್ಳೋಣ. ದೇಶದ ಐ.ಐ.ಟಿ.ಗಳಲ್ಲಿ ಹುಡುಗಿಯರ ಸಂಖ್ಯೆ ತೀರ ಕಡಿಮೆಯೆಂದು 2018ರಿಂದ ಅವರಿಗಾಗಿ ಹೆಚ್ಚುವರಿ ಸ್ಥಾನಗಳನ್ನು ಕಲ್ಪಿಸಿ, 2020ರ ಹೊತ್ತಿಗೆ ಅವರ ಪಾಲನ್ನು ನೂರಕ್ಕೆ 20ಕ್ಕೆ ಏರಿಸುವ ಗುರಿ ಇಡಲಾಗಿತ್ತು. ಒಂದೇ ಮೆಸ್ಸಿನ ಊಟ, ಒಂದೇ ಬಗೆಯ ಕೋಣೆ, ಪರೀಕ್ಷೆಯ ಮುನ್ನಾದಿನದ ಒಂದೇ ಭಯ. ಜಿಲ್ಲಾಧಿಕಾರಿಯ ಮಗಳೂ ಹಳ್ಳಿಯ ಮಾಸ್ತರರ ಮಗಳೂ ಅಲ್ಲಿ ಗೆಳತಿಯರು. 2020ರ ಮಾರ್ಚಿಯಲ್ಲಿ ಎಲ್ಲರೂ ತಮ್ಮ ತಮ್ಮ ಊರಿಗೆ ಹೋಗಬೇಕಾಯಿತು. ಜೂನ್ ತಿಂಗಳಲ್ಲಿ, ಆ ವರ್ಷ ಪಾಠಗಳೆಲ್ಲ ಪರದೆಯ ಮೇಲೆಯೇ ಎಂದು ಸಂಸ್ಥೆ ಪ್ರಕಟಿಸಿತು. ಅದರೊಡನೆ ನಿರ್ದೇಶಕರು ಸಾರ್ವಜನಿಕರಲ್ಲಿ ಒಂದು ವಿನಂತಿಯನ್ನೂ ಮಾಡಿಕೊಂಡರು: ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್, ಇಂಟರ್ನೆಟ್ ಒದಗಿಸಲು ಸುಮಾರು 5 ಕೋಟಿ ರೂಪಾಯಿ ಬೇಕಾಗಿದೆ ಎಂದು.

ಈ ವಿನಂತಿಯಲ್ಲಿ ಒಂದು ಪಾಠವಿದೆ. ಒಂದೇ ಸೂರಿನಡಿ ಇದ್ದಷ್ಟು ದಿನ ಎಲ್ಲರೂ ಸಮಾನರೆಂದು ತೋರುತ್ತಿತ್ತು. ಆ ಸಮಾನತೆಯನ್ನು ಕೊಟ್ಟದ್ದು ಸೂರು. ಸೂರು ತೆಗೆದೊಡನೆ ಒಬ್ಬಳಿಗೆ ಬಾಗಿಲು ಮುಚ್ಚಿಕೊಂಡು ಓದುವ ಕೋಣೆ, ಇನ್ನೊಬ್ಬಳಿಗೆ ನೆಟ್‌ವರ್ಕು ಸಿಗುವ ಗುಡ್ಡದ ತುದಿ. ಇಬ್ಬರೂ ಮೊದಲಿನ ಗೆಳತಿಯರೇ. ಮಹಾಮಾರಿ ಅವರ ನಡುವೆ ಹೊಸ ಅಂತರವನ್ನೇನೂ ತರಲಿಲ್ಲ, ಇದ್ದದ್ದನ್ನು ಕಾಣಿಸಿತು. ನಮ್ಮ ಸಂಘಗಳ ಸೋದರಿತನದಲ್ಲಿ ಸಭಾಗೃಹ ಕೊಟ್ಟದ್ದೆಷ್ಟು, ನಾವು ಕೊಟ್ಟದ್ದೆಷ್ಟು ಎಂದು ಇದೇ ರೀತಿ ಲೆಕ್ಕ ಹಾಕಬಹುದು.

ನಮ್ಮ ತಾಯಂದಿರಿಗೂ ಒಂದು ಬಳಗವಿತ್ತು. ಗೌರೀಹಬ್ಬದ ಮೊರದ ಬಾಗಿನವನ್ನು ನೆನೆಯಿರಿ. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆಗಳನ್ನಿಟ್ಟು ಮುಚ್ಚಿ, ಸೆರಗು ಹಿಡಿದು ಕೊಡುತ್ತಿದ್ದರು. ಇಂದು ಕೊಟ್ಟವಳು ನಾಳೆ ಪಡೆದವಳು. ಕೊಡುವವಳ ಕೈ ಮೇಲು, ಪಡೆಯುವವಳ ಕೈ ಕೆಳಗು ಎಂಬುದಿರಲಿಲ್ಲ. ದಾನದಲ್ಲಿ ಇಲ್ಲದ ಸಮತೆ ಬಾಗಿನದಲ್ಲಿತ್ತು. ಆದರೆ ಈ ಸುಂದರ ಬಳಗಕ್ಕೂ ಬೇಲಿಯಿತ್ತು. ಗಂಡನನ್ನು ಕಳೆದುಕೊಂಡ ದಿನವೇ ಹೆಣ್ಣು ಆ ವೃತ್ತದಿಂದ ಹೊರಗಾಗುತ್ತಿದ್ದಳು. ನಿನ್ನೆಯವರೆಗೆ ಬಾಗಿನ ಕೊಟ್ಟು ಪಡೆದ ಅಕ್ಕನೇ ಇಂದು ಅಡಿಗೆಮನೆಯ ಕತ್ತಲಲ್ಲಿ ಕುಳಿತು ಹಬ್ಬದ ಸದ್ದು ಕೇಳಬೇಕಾಗಿತ್ತು. ಸೋದರಿತನ ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ ಅದು ಕೈಬಿಡುತ್ತಿತ್ತು.

ಹೀಗೆ ಹೊರಗುಳಿದವರಿಗಾಗಿ ಇದೇ ಮುಂಬಯಿಯಲ್ಲಿ ಒಂದು ಮನೆ ತೆರೆಯಿತೆಂಬುದನ್ನೂ, ಅದನ್ನು ತೆರೆದವರು ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರೆಂಬುದನ್ನೂ ಇಲ್ಲಿ ನೆನೆಯಬೇಕು. 1889ರ ಮಾರ್ಚ್ 11ರಂದು ಅವರು ಆರಂಭಿಸಿದ ಶಾರದಾ ಸದನ ವಿಧವೆಯರಿಗೆ ಓದು, ವಸತಿ ಎರಡನ್ನೂ ಕೊಟ್ಟಿತು. ಅದಕ್ಕೆ ಹಣ ಬಂದದ್ದೆಲ್ಲಿಂದ? ಅಮೆರಿಕದ ಊರೂರುಗಳಲ್ಲಿ ಹುಟ್ಟಿಕೊಂಡಿದ್ದ 'ರಮಾಬಾಯಿ ಬಳಗ'ಗಳಿಂದ. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯರ ಬಳಗ ಅವುಗಳಲ್ಲಿ ಮೊದಮೊದಲಿನದು. ತಾವು ಎಂದೂ ಕಾಣದ ಹೆಂಗಸರಿಗಾಗಿ ಆ ಹುಡುಗಿಯರು ಕಾಸು ಕೂಡಿಸಿದರು. ರಮಾಬಾಯಿಯವರ ಮತಾಂತರವನ್ನು ಕುರಿತು ಆಗ ಎದ್ದ ವಿವಾದ ದೊಡ್ಡದು. ಆ ಚರ್ಚೆ ಬೇರೆ. ನಮ್ಮ ವಿಷಯಕ್ಕೆ ಬೇಕಾದದ್ದು 1897ರ ಸಂಗತಿ. ಆಗ ಮಧ್ಯಪ್ರಾಂತದಲ್ಲಿ ಬರಗಾಲ, ಪುಣೆಯಲ್ಲಿ ಪ್ಲೇಗು. ಬರದಿಂದ ಪಾರುಮಾಡಿ ಕರೆತಂದ ನೂರಾರು ಹುಡುಗಿಯರನ್ನು ಪ್ಲೇಗಿನ ಊರಿನಲ್ಲಿಟ್ಟುಕೊಳ್ಳುವಂತಿರಲಿಲ್ಲ. ರಮಾಬಾಯಿ ಅವರನ್ನು ಕೇಡಗಾಂವದ ತಮ್ಮ ಹೊಲಕ್ಕೆ ಕರೆದೊಯ್ದು ಅಲ್ಲೇ ನೆಲೆ ಮಾಡಿದರು. ಅದೇ ಪ್ಲೇಗಿನಲ್ಲಿ, 1897ರ ಮಾರ್ಚ್ 10ರಂದು, ರೋಗಿಗಳ ಸೇವೆ ಮಾಡುತ್ತಿದ್ದ ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡರು. ಇವರಿಬ್ಬರಿಗೂ ತಾವು ಕಾಪಾಡಹೊರಟವರು 'ಏನಾಗಬೇಕು' ಎಂದು ಕೇಳಿದರೆ ನೆಂಟಸ್ತಿಕೆಯ ಉತ್ತರ ಸಿಗದು.

ಈಗ ನಮ್ಮ ಕಾಲಕ್ಕೆ, ನಮ್ಮ ಬಾಗಿಲಿಗೆ ಬರೋಣ. ಪವಾಯಿ ಕೆರೆಯ ಸುತ್ತ ನಿಂತ ಎತ್ತರದ ಕಟ್ಟಡಗಳನ್ನೂ, ಅಲ್ಲಿಂದ ಹೆಚ್ಚು ದೂರವಿಲ್ಲದ ಫುಲೆ ನಗರದಂಥ ಒತ್ತೊತ್ತಾದ ವಸತಿಗಳನ್ನೂ ಕಂಡವರಿಗೆ ಒಂದಿಲ್ಲದೆ ಇನ್ನೊಂದು ನಡೆಯದೆಂಬುದು ಗೊತ್ತು. ಬೆಳಗಿನ ಏಳು ಗಂಟೆಗೆ ಪಾತ್ರೆ ತೊಳೆಯಲು, ನೆಲ ಒರೆಸಲು, ಮಗುವನ್ನು ಎತ್ತಿಕೊಳ್ಳಲು ಅಲ್ಲಿಂದ ಇಲ್ಲಿಗೆ ಬರುವ ಹೆಂಗಸರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಕನ್ನಡದವರೂ ಇದ್ದಾರೆ. ಆಕೆ ಮನೆಯೊಡತಿಯನ್ನು 'ಅಕ್ಕಾ' ಎಂದೋ 'ದೀದಿ' ಎಂದೋ ಕರೆಯುತ್ತಾಳೆ. ಒಡತಿ ಆಕೆಯನ್ನು 'ಬಾಯಿ' ಎನ್ನುತ್ತಾಳೆ. 'ಬಾಯಿ' ಮರಾಠಿಯಲ್ಲಿ ಗೌರವದ ಮಾತೇ; ರಮಾಬಾಯಿ, ಸಾವಿತ್ರಿಬಾಯಿ ಎನ್ನುವಾಗ ಇರುವುದು ಅದೇ ಬಾಯಿ. ನಮ್ಮ ಅಡಿಗೆಮನೆಗೆ ಬರುವಷ್ಟರಲ್ಲಿ ಮಾತ್ರ ಹೆಸರು ಕಳಚಿಹೋಗಿ ಬಾಯಿಯಷ್ಟೇ ಉಳಿದಿದೆ. ನಂಟಿನ ಪದವನ್ನು ಆಕೆ ಬಳಸುತ್ತಿದ್ದಾಳೆ. ಅದಕ್ಕೆ ಉತ್ತರವಾಗಿ ಬರಬೇಕಾದ 'ತಂಗಿ' ಎಂಬ ಪದ ನಮ್ಮಿಂದ ಬಾಕಿಯಿದೆ.

2020ರ ಮಾರ್ಚ್ 25ರಿಂದ ಲಾಕ್‌ಡೌನ್. ಕಟ್ಟಡಗಳ ಸೊಸೈಟಿಗಳು ಹೊರಗಿನವರಿಗೆ ಗೇಟು ಮುಚ್ಚಿದವು. ಲೋಕಲ್ ಗಾಡಿಗಳು ನಿಂತವು. ಸಾಮಾನ್ಯ ಮಹಿಳೆಯರಿಗೆ ಅವು ಮತ್ತೆ ದೊರೆತದ್ದು ಅಕ್ಟೋಬರ್ 21ರಂದು, ಅದೂ ಗೊತ್ತಾದ ಹೊತ್ತಿನಲ್ಲಿ ಮಾತ್ರ. ಮನೆಯಲ್ಲಿ ವೃದ್ಧರಿದ್ದವರು ಹೆದರಿದ್ದು ಸಹಜ. ಬಾಗಿಲು ಮುಚ್ಚಿದ್ದನ್ನು ತಪ್ಪೆನ್ನಲಾಗದು. ಪ್ರಶ್ನೆ ಇರುವುದು ಬಾಗಿಲಿನದಲ್ಲ, ಸಂಬಳದ್ದು. ಮಾರ್ಚ್ 29ರಂದು ಕೇಂದ್ರದ ಗೃಹ ಮಂತ್ರಾಲಯ, ಮುಚ್ಚಿದ ಅವಧಿಗೂ ಕೆಲಸಗಾರರಿಗೆ ಕಡಿತವಿಲ್ಲದೆ ಸಂಬಳ ಕೊಡತಕ್ಕದ್ದೆಂದು ಆಜ್ಞೆ ಮಾಡಿತು. ಆಜ್ಞೆಯಲ್ಲಿ ಹೆಸರಿಸಿದ್ದು ಕೈಗಾರಿಕೆ, ಅಂಗಡಿ ಮತ್ತು ವ್ಯಾಪಾರಿ ಸಂಸ್ಥೆಗಳನ್ನು. ಮನೆಯ ಹೆಸರು ಅದರಲ್ಲಿರಲಿಲ್ಲ. ಮನೆಗೆಲಸದವರಿಗಾಗಿ ಮಹಾರಾಷ್ಟ್ರದಲ್ಲಿ 2008ರಿಂದ ಕಲ್ಯಾಣ ಮಂಡಳಿಯ ಕಾಯಿದೆಯಿದೆ. ಕರ್ನಾಟಕ 2004ರಲ್ಲೇ ಅವರ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತ್ತು. ಆದರೂ ಆ ಏಪ್ರಿಲ್ ತಿಂಗಳಲ್ಲಿ ಬಾಯಿಗೆ ಸಂಬಳ ಸಿಗುವುದೋ ಇಲ್ಲವೋ ಎಂಬುದು ಒಡತಿಯ ಮನಸ್ಸಿಗೆ ಬಿಟ್ಟ ವಿಷಯವಾಯಿತು. ಕೆಲವು ಮನೆಗಳು ಪೂರ್ತಿ ಕೊಟ್ಟವು, ಕೆಲವು ಅರ್ಧ ಕೊಟ್ಟವು, ಕೆಲವು ಫೋನನ್ನೇ ಎತ್ತಲಿಲ್ಲ.

ಅದೇ ದಿನಗಳಲ್ಲಿ ನಗರದ ಸಂಘ ಸಂಸ್ಥೆಗಳು ಅಕ್ಕಿ, ಬೇಳೆ, ಎಣ್ಣೆಯ ಪೊಟ್ಟಣಗಳನ್ನು ಹಂಚಿದವು. ಒಳ್ಳೆಯ ಕೆಲಸ. ಹಸಿದವರಿಗೆ ಅಕ್ಕಿ ಯಾರ ಕೈಯಿಂದ ಬಂದರೂ ಅಕ್ಕಿಯೇ. ಆದರೆ ಒಂದು ಮನೆಯನ್ನು ಊಹಿಸಿಕೊಳ್ಳಿ: ಆ ಮನೆಯ ಯಜಮಾನಿ ಬಾಯಿಯ ಎರಡು ತಿಂಗಳ ಸಂಬಳ ತಡೆದಿದ್ದಾರೆ, ಸಂಘದ ನಿಧಿಗೆ ಧಾರಾಳವಾಗಿ ಕೊಟ್ಟಿದ್ದಾರೆ, ಆ ನಿಧಿಯಿಂದ ಬಂದ ಪೊಟ್ಟಣ ಸರದಿಯಲ್ಲಿ ನಿಂತ ಅದೇ ಬಾಯಿಯ ಕೈ ಸೇರಿದೆ. ಹಣ ಒಂದು ಸುತ್ತು ಬಂದು ಸೇರಬೇಕಾದವಳನ್ನೇ ಸೇರಿತಲ್ಲ, ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ತನಗೆ ಸಲ್ಲಬೇಕಾಗಿದ್ದನ್ನು ಆಕೆ ಕೈಮುಗಿದು ಪಡೆಯಬೇಕಾಯಿತು. ಸಾಲ ತೀರಿಸಬೇಕಾದವರು ದಾನಿಗಳಾದರು. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆ ಇಂಥ ಉಪಕಾರವನ್ನು ಕಂಡೇ ಹುಟ್ಟಿರಬೇಕು.

ನಮ್ಮ ಹಿರಿಯರು ಕೊಡುವುದರಲ್ಲಿ ಹಲವು ಬಗೆಗಳನ್ನು ಗುರುತಿಸಿದ್ದರು. ಮದುವೆಯಲ್ಲಿ ಓದಿಸಿ, ಲೆಕ್ಕ ಬರೆದಿಟ್ಟು, ಅವರ ಮನೆಯ ಮದುವೆಗೆ ತಿರುಗಿಸುವುದು ಮುಯ್ಯಿ. ಸಮಾನರ ನಡುವೆ ಓಡಾಡುವುದು ಬಾಗಿನ. ಹಿಂದಕ್ಕೆ ಬಯಸದೆ ಕೊಡುವುದು ದಾನ. ಕೊಡುವವನೇ ಸೇವಕನೆಂಬ ಭಾವದಿಂದ ಕೊಡುವುದು ಶರಣರ ದಾಸೋಹ. ಇವೆಲ್ಲಕ್ಕೂ ಮೊದಲು ಬರುವುದು ಋಣ; ಅದನ್ನು ಕೊಡುವುದಲ್ಲ, ತೀರಿಸುವುದು. ಋಣ ತೀರಿಸದವನ ದಾನಕ್ಕೆ ನಮ್ಮ ಜನ ಎಂದೂ ಬೆಲೆ ಕೊಟ್ಟವರಲ್ಲ.

ಇಲ್ಲಿ ಓದುಗರು ಒಂದು ನ್ಯಾಯವಾದ ಆಕ್ಷೇಪವನ್ನು ಎತ್ತಬಹುದು. ಮಾಡದ ಕೆಲಸಕ್ಕೆ ಕೊಡುವ ಹಣ ಋಣ ಹೇಗಾದೀತು? ಅದು ಔದಾರ್ಯವಲ್ಲವೇ? ನಮ್ಮವೇ ಮನೆಗಳನ್ನು ನೋಡೋಣ. ಬ್ಯಾಂಕು, ಕಾರ್ಖಾನೆ, ಕಚೇರಿಗಳಲ್ಲಿದ್ದ ಎಷ್ಟೋ ಮಂದಿಗೆ ಆ ಮೊದಲ ವಾರಗಳಲ್ಲಿ ಮಾಡಲು ಕೆಲಸವಿರಲಿಲ್ಲ. ಆದರೂ ತಿಂಗಳ ಕೊನೆಗೆ ಸಂಬಳ ಬಂದಿತು. ಅದನ್ನು ಯಾರೂ ಮಾಲೀಕರ ದಾನವೆನ್ನಲಿಲ್ಲ, ಹಕ್ಕೆಂದೇ ತಿಳಿದರು. ತಿಂಗಳ ಸಂಬಳವೆಂಬುದು ತೊಳೆದ ಪಾತ್ರೆಗಳ ಎಣಿಕೆಯಲ್ಲ. ಮಳೆಯಿರಲಿ, ಮಗುವಿಗೆ ಜ್ವರವಿರಲಿ, ಏಳು ಗಂಟೆಗೆ ಬಾಗಿಲಲ್ಲಿ ನಿಲ್ಲುತ್ತೇನೆಂಬ ಆಕೆಯ ಮಾತಿಗೂ ಅದರಲ್ಲಿ ಬೆಲೆ ಸೇರಿದೆ. ಬರುವುದಿಲ್ಲವೆಂದು ಆಕೆ ಹೇಳಲಿಲ್ಲ, ಬರಬೇಡವೆಂದು ನಾವು ಹೇಳಿದೆವು. ಹಾಗಿದ್ದಮೇಲೆ ನಮ್ಮ ಸಂಬಳಕ್ಕೊಂದು ನ್ಯಾಯ, ಆಕೆಯ ಸಂಬಳಕ್ಕೊಂದು ನ್ಯಾಯ ಎನ್ನಲು ಕಾರಣ ಕಾಣುವುದಿಲ್ಲ.

ಮತ್ತೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಎಲ್ಲ ಮನೆಗಳಿಗೂ ಸಂಬಳ ಬರಲಿಲ್ಲ. ಹೋಟೆಲುಗಳು ಮುಚ್ಚಿ ನಮ್ಮವರೇ ಎಷ್ಟೋ ಜನ ಬಾಡಿಗೆ ಕಟ್ಟಲಾರದೆ ಒದ್ದಾಡಿದರು. ಕೆಲಸ ಕಳೆದುಕೊಂಡವರೂ ಇದ್ದರು. ಇಲ್ಲದವರು ಎಲ್ಲಿಂದ ತಂದುಕೊಡಬೇಕು? ನಿಜ. ಶಕ್ತಿಗೆ ಮೀರಿದ್ದನ್ನು ಧರ್ಮ ಕೇಳುವುದಿಲ್ಲ. ಆದರೆ ಇಲ್ಲದಾಗ ಅಕ್ಕತಂಗಿಯರು ಏನು ಮಾಡುತ್ತಾರೆಂಬುದು ನಮಗೆ ಗೊತ್ತಿಲ್ಲದ ವಿಷಯವೇ? 'ಈ ತಿಂಗಳು ಇಷ್ಟೇ ಆಗುತ್ತದೆ ತಂಗಿ, ಉಳಿದದ್ದು ನನ್ನ ಮೇಲಿರಲಿ' ಎಂದು ಫೋನಿನಲ್ಲಾದರೂ ಹೇಳುತ್ತಾರೆ. 'ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ?' ಎಂದು ಕೇಳುತ್ತಾರೆ. ಅರ್ಧ ಸಂಬಳ ಕೊಟ್ಟವರಲ್ಲೂ ಹೀಗೆ ಹೇಳಿ ಕೊಟ್ಟವರು, ಹೇಳದೆ ಕಡಿದವರು ಎಂಬ ಎರಡು ಬಗೆಯವರಿದ್ದಾರೆ. ಇಬ್ಬರೂ ಕೊಟ್ಟ ಹಣ ಒಂದೇ. ಮೊದಲನೆಯವರು ಆಕೆಯನ್ನು ತಮ್ಮ ಕಷ್ಟದಲ್ಲಿ ಪಾಲುದಾರಳೆಂದು ತಿಳಿದರು.

ಇನ್ನು ಮೂರನೆಯದೊಂದು ಮಾತು. ಎಲ್ಲರಿಗೂ ಸೋದರಿಯಾಗಹೊರಟವಳು ಯಾರಿಗೂ ಸೋದರಿಯಾಗಲಾರಳು. ಪ್ರೀತಿಗೆ ಒಂದು ವೃತ್ತ ಬೇಕು. ನಮ್ಮ ಭಾಷೆಯವರು, ನಮ್ಮ ಜಿಲ್ಲೆಯವರು ಎಂಬ ಅಭಿಮಾನವಿಲ್ಲದೆ ಸಂಘಗಳೇ ಇರುವುದಿಲ್ಲ ಎಂದು ಹೇಳುವವರಿದ್ದಾರೆ. ಈ ಮಾತನ್ನು ನಾವು ಒಪ್ಪುತ್ತೇವೆ. ಹೋವರ್ಡಿನ ಹುಡುಗಿಯರು ಮೊದಲು ತಮ್ಮೊಳಗೆ ಬಳಗ ಕಟ್ಟಿಕೊಳ್ಳದಿದ್ದರೆ ಮಿಸಿಸಿಪಿಗೆ ಹೋಗುವ ಬಲ ಅವರಿಗೆ ಬರುತ್ತಿರಲಿಲ್ಲ. ವೃತ್ತ ತಪ್ಪಲ್ಲ. ಆದರೆ ಪ್ರತಿದಿನ ಆ ವೃತ್ತದೊಳಗೆ ಬಂದು, ನಮ್ಮ ಮಗುವನ್ನು ಎತ್ತಿಕೊಂಡು, ನಮ್ಮ ಎಂಜಲನ್ನು ತೊಳೆದು ಹೋಗುವವಳನ್ನು ಹೊರಗಿನವಳೆನ್ನುವುದು ವೃತ್ತದ ಲೆಕ್ಕದಲ್ಲೂ ಸರಿಹೋಗದು.

ಹೊರಗೆ ನಿಲ್ಲುವುದೆಂದರೇನೆಂಬುದು ಮುಂಬಯಿ ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. 2020ರ ಮೇ 18ರಂದು ಕರ್ನಾಟಕ ಸರಕಾರ, ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ಆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಸಂಬಳ ಕೊಡಬೇಕೆಂಬ ಕೇಂದ್ರದ ಆಜ್ಞೆ ಜಾರಿಯಲ್ಲಿ ಇಲ್ಲವಾದದ್ದೂ ಅದೇ 18ರಿಂದ. ಇಲ್ಲಿ ಕೆಲಸ ಹೋಗಿ, ಅಲ್ಲಿ ಗಡಿ ಮುಚ್ಚಿ, ನಮ್ಮವರು ನಡುವೆ ಸಿಕ್ಕಿಕೊಂಡರು. 'ಮುಂಬಯಿಯಿಂದ ಬಂದವರು' ಎಂಬುದು ಊರಿನಲ್ಲಿ ರೋಗದ ಇನ್ನೊಂದು ಹೆಸರಾಯಿತು. ರೋಗ ಹರಡದಂತೆ ತಡೆಯುವುದು ಸರಕಾರದ ಕರ್ತವ್ಯವೇ, ಅದಕ್ಕೆ ಕಾರಣಗಳಿದ್ದವು. ಆದರೆ ತಲೆಮಾರುಗಳಿಂದ ಊರಿನ ದೇವಸ್ಥಾನಕ್ಕೆ, ಶಾಲೆಗೆ, ಜಾತ್ರೆಗೆ ಹಣ ಕಳುಹಿಸಿದವರು ಗಡಿಯಲ್ಲಿ ನಿಂತು 'ನಾವು ನಿಮಗೇನೂ ಆಗಬೇಕಿಲ್ಲವೇ?' ಎಂದುಕೊಂಡದ್ದೂ ನಿಜ. ಕಟ್ಟಡದ ಗೇಟಿನಾಚೆ ನಿಂತ ಬಾಯಿ ಕೇಳಿಕೊಂಡದ್ದೂ ಅದನ್ನೇ.

ಆದಕಾರಣ ನಮ್ಮ ಮಹಿಳಾ ವಿಭಾಗಗಳ ಮುಂದೆ ಒಂದು ಸಣ್ಣ ಸೂಚನೆಯನ್ನಿಡುತ್ತೇವೆ. ಪರಿಹಾರ ನಿಧಿಗೆ ಚಂದಾ ಎತ್ತುವ ಮೊದಲು ಸದಸ್ಯೆಯರೆಲ್ಲ ತಮ್ಮ ಮನೆಗೆಲಸದವರ ಬಾಕಿ ತೀರಿಸಿರಲಿ. ಸಂಘದ ಲೆಕ್ಕದ ಪುಸ್ತಕದಲ್ಲಿ 'ಕೊಡುಗೆ' ಎಂಬ ಅಂಕಣವಿರುವಂತೆ ಮನೆಯ ಲೆಕ್ಕದಲ್ಲಿ 'ಸಲ್ಲಬೇಕಾದ್ದು' ಎಂಬ ಅಂಕಣವೂ ಇರಲಿ. ವಾರದ ರಜೆ, ಕಾಯಿಲೆಯ ರಜೆ, ವರ್ಷಕ್ಕೊಮ್ಮೆ ಸಂಬಳದ ಏರಿಕೆ ಅದರಲ್ಲಿ ಬರೆದಿರಲಿ. ಮುಂದಿನ ಅರಿಸಿನ ಕುಂಕುಮಕ್ಕೆ ಆಕೆಯನ್ನು ಲೋಟ ತೊಳೆಯಲೆಂದು ಕರೆಯದೆ, ಚಾಪೆಯ ಮೇಲೆ ಕೂಡಲೆಂದು ಕರೆಯೋಣ; ಆಕೆ ವಿಧವೆಯಾಗಿದ್ದರೂ ಕರೆಯೋಣ. ಅಂದು ಉಪಾಹಾರದ ಬಟ್ಟಲನ್ನು ಆಕೆಯ ಕೈಗಿಡುವಾಗ ಹೆಸರು ಹಿಡಿದು ಕರೆಯಬೇಕಾಗುತ್ತದೆ. ಆ ಹೆಸರು ನಮಗೆ ತಿಳಿದಿದೆಯೇ ಎಂದು ಇವತ್ತೇ ಒಮ್ಮೆ ನೆನಪು ಮಾಡಿಕೊಳ್ಳುವುದು ಒಳ್ಳೆಯದು.